ಕೊಡಗಿನ ಹೆರಿಗೆ ವಾರ್ಡಿನಲ್ಲಿ ಹಸುಗೂಸು: ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿ ಕೆಲಸ ಮಾಡುವಾಗ ಒಂದೇ ಪ್ರಶ್ನೆಯನ್ನು ದಿನಕ್ಕೆ ನಾಲ್ಕೈದು ಭಾಷೆಯಲ್ಲಿ ಕೇಳಿದ್ದೇನೆ. ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವರ ಮಾತು, ಈಚೆಗೆ ತೋಟದ ಕೆಲಸಕ್ಕೆ ಬಂದವರ ಹಿಂದಿ. ಭಾಷೆ ಬೇರೆ, ಗಾಬರಿ ಮಾತ್ರ ಒಂದೇ. ವಾರ್ಡಿನಲ್ಲಿ ನಿಂತು ಉತ್ತರಿಸಲು ಎರಡು ನಿಮಿಷವೂ ಸಿಗುತ್ತಿರಲಿಲ್ಲ. ಅಲ್ಲಿ ಕೇಳಿದ್ದು, ಆಮೇಲೆ ಫೋನಿನಲ್ಲಿ ಮತ್ತು ಪತ್ರದಲ್ಲಿ ಬಂದದ್ದು, ಎಲ್ಲವನ್ನೂ ಸೇರಿಸಿ ಸಮಾಧಾನವಾಗಿ ಬರೆಯುತ್ತಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನಿಮ್ಮ ಮಗುವನ್ನು ಕಣ್ಣಾರೆ ನೋಡಿದ ಡಾಕ್ಟರ್ ಬೇರೆ ಹೇಳಿದರೆ ಅವರ ಮಾತೇ ಮೇಲು.

## ಹುಟ್ಟಿದ ಮೊದಲ ದಿನ

ಹುಟ್ಟಿದ ತಕ್ಷಣ ಮಗುವನ್ನು ಪಕ್ಕದ ಟೇಬಲ್‌ಗೆ ಎತ್ಕೊಂಡು ಹೋದರು. ಏನಾದ್ರೂ ತೊಂದರೆ ಆಗಿತ್ತಾ?

ಆಗಿರಲೇಬೇಕು ಅಂತಿಲ್ಲ. ಚೆನ್ನಾಗಿ ಅಳುವ ಮಗುವನ್ನು ಒರೆಸಿ ನೇರ ಅಮ್ಮನ ಎದೆ ಮೇಲೆ ಮಲಗಿಸುವುದು ಸರಿಯಾದ ಕ್ರಮ. ಅಳದ, ಉಸಿರು ಎಳೆಯದ ಮಗುವನ್ನು ಕೋಣೆಯ ಮೂಲೆಯಲ್ಲಿರುವ ವಾರ್ಮರ್‌ಗೆ ಒಯ್ಯುತ್ತಾರೆ. ಅದು ಮೇಲಿಂದ ಬಿಸಿ ಬೀಳುವ ಟೇಬಲ್. ಅಲ್ಲಿ ಮೈ ಒರೆಸಿ, ಬೆನ್ನು ಉಜ್ಜುತ್ತಾರೆ. ಆಗಲೂ ಉಸಿರು ಬರದಿದ್ದರೆ ಮೊದಲ ಒಂದು ನಿಮಿಷದೊಳಗೆ ಮುಖಕ್ಕೆ ಮಾಸ್ಕ್ ಇಟ್ಟು ಗಾಳಿ ಕೊಡಲು ಶುರು ಮಾಡಬೇಕು. ಆ ನಿಮಿಷಕ್ಕೆ ಚಿನ್ನದ ನಿಮಿಷ ಅಂತಲೇ ಹೆಸರು. ಆಗ ಸಿಸ್ಟರ್ ನಿಮ್ಮ ಮಾತಿಗೆ ಉತ್ತರ ಕೊಡದಿದ್ದರೆ ಬೇಜಾರಾಗಬೇಡಿ.

ಆಮೇಲೆ ಮಾತ್ರ ಮರೆಯದೆ ಕೇಳಿ: "ಮಗು ತಕ್ಷಣ ಅತ್ತಿತಾ? ಗಾಳಿ ಕೊಡಬೇಕಾಯ್ತಾ?" ಉತ್ತರ ಬರೆದಿಟ್ಟುಕೊಳ್ಳಿ. ಮುಂದೆ ಮಕ್ಕಳ ಡಾಕ್ಟರ್ ಕೇಳುವ ಮೊದಲ ಪ್ರಶ್ನೆಗಳಲ್ಲಿ ಇದೂ ಒಂದು.

ಮೂರು ದಿನ ಹಾಲೇ ಬರಲ್ಲ ಅಂತಾರೆ ನಮ್ಮತ್ತೆ. ಅಲ್ಲಿವರೆಗೆ ಸಕ್ಕರೆ ನೀರು ಕೊಡಬಹುದಾ?

ಬೇಡ. ಮೊದಲ ದಿನ ಬರುವುದು ಗಿಣ್ಣು ಹಾಲು. ಹಳದಿ ಬಣ್ಣ, ಅಂಟಂಟು, ಬರುವುದೂ ಚಮಚದ ಲೆಕ್ಕದಲ್ಲಿ. ಅದನ್ನು ನೋಡಿ 'ಹಾಲು ಬಂದಿಲ್ಲ' ಅಂದುಕೊಳ್ಳುತ್ತಾರೆ. ಆದರೆ ಮೊದಲ ದಿನ ಮಗುವಿನ ಹೊಟ್ಟೆ ಹಿಡಿಸುವುದೂ ಅಷ್ಟೇ. ಸೋಂಕು ತಡೆಯುವ ಶಕ್ತಿ ಈ ಹಾಲಿನಲ್ಲಿ ತುಂಬಿರುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಿಡಿಸಬೇಕು. ಸಿಸೇರಿಯನ್ ಆದವರೂ ಅಷ್ಟೇ. ಎದ್ದು ಕೂರಲು ಆಗದಿದ್ದರೆ ಮಲಗಿಯೇ ಕುಡಿಸಬಹುದು. ಮಗುವನ್ನು ಹಿಡಿದುಕೊಳ್ಳಲು ಇನ್ನೊಬ್ಬರು ಬೇಕು, ಅಷ್ಟೇ.

ಸಕ್ಕರೆ ನೀರು ಕುಡಿದ ಮಗು ಹೊಟ್ಟೆ ತುಂಬಿದಂತಾಗಿ ಮಲಗಿಬಿಡುತ್ತದೆ. ಮಗು ಚೀಪದಿದ್ದರೆ ಹಾಲು ಇಳಿಯುವುದೂ ತಡ. ಆಮೇಲೆ ಡಬ್ಬಿ ಹಾಲು ತರಲು ಯಾರಾದರೂ ಅಂಗಡಿಗೆ ಓಡುತ್ತಾರೆ. ಡಬ್ಬಿ ಹಾಲನ್ನು ಪ್ರಚಾರ ಮಾಡುವುದನ್ನು, ಬಾಣಂತಿಯರಿಗೆ ಸ್ಯಾಂಪಲ್ ಹಂಚುವುದನ್ನು ತಡೆಯಲು 1992ರಲ್ಲೇ ಕಾನೂನು ಬಂದಿದೆ. ಡಾಕ್ಟರ್ ಬರೆದುಕೊಡದ ಹೊರತು ಅದು ವಾರ್ಡಿನೊಳಗೆ ಬರಬಾರದು.

ನಮ್ಮ ತೋಟದ್ದೇ ಜೇನು, ಕಲಬೆರಕೆ ಇಲ್ಲ. ಒಂದು ತೊಟ್ಟು ನೆಕ್ಕಿಸಿದ್ರೆ ಏನಾಗುತ್ತೆ?

ಕೊಡಗಿನ ಜೇನಿನ ಹೆಸರು ದೊಡ್ಡದು. ನನಗೂ ಅದರ ಬಗ್ಗೆ ಹೆಮ್ಮೆ ಇದೆ. ಆದರೂ 1 ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ. ತೊಂದರೆ ಇರುವುದು ಕಲಬೆರಕೆಯಲ್ಲಿ ಅಲ್ಲ. ಶುದ್ಧ ಜೇನಿನಲ್ಲೂ ಬಾಟುಲಿಸಂ ಎಂಬ ಕಾಯಿಲೆ ತರುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ದೊಡ್ಡವರ ಕರುಳು ಅದನ್ನು ಬೆಳೆಯಲು ಬಿಡುವುದಿಲ್ಲ. ಹಸುಗೂಸಿನ ಕರುಳಿಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಅಲ್ಲಿ ವಿಷ ಹುಟ್ಟಿ, ಮಗು ಬಟ್ಟೆಯ ಹಾಗೆ ಸಡಿಲವಾಗಿ, ಉಸಿರೇ ನಿಲ್ಲುವ ಮಟ್ಟಕ್ಕೆ ಹೋಗಬಹುದು. ಜೇನು ಕಾಯಿಸಿದರೂ ಆ ಬೀಜಕಣ ಸಾಯುವುದಿಲ್ಲ. ತೇಯ್ದ ಬಜೆ, ಹರಳೆಣ್ಣೆ, ಗ್ರೈಪ್ ವಾಟರ್ ಕೂಡ ಬೇಡ. 6 ತಿಂಗಳವರೆಗೆ ಎದೆ ಹಾಲು, ಜೊತೆಗೆ ಡಾಕ್ಟರ್ ಬರೆದುಕೊಟ್ಟ ಔಷಧಿ. ಬೇರೆ ಏನೂ ಬೇಕಿಲ್ಲ.

ಮಗುವಿನ ಮೈ ಮೇಲೆ ಬಿಳಿ ಬಿಳಿ ಅಂಟಿದೆ. ಯಾಕೆ ಸ್ನಾನ ಮಾಡಿಸ್ತಿಲ್ಲ?

ಬೇಕಂತಲೇ ಮಾಡಿಸುತ್ತಿಲ್ಲ. ಆ ಬಿಳಿ ಪದರ ಚರ್ಮವನ್ನು ಕಾಯುತ್ತದೆ, ತಾನಾಗಿ ಹೀರಿಕೊಂಡು ಹೋಗುತ್ತದೆ. ಮೊದಲ ಸ್ನಾನ ಹುಟ್ಟಿ 24 ಗಂಟೆ ಕಳೆದ ಮೇಲೆ. ತೂಕ ಕಡಿಮೆ ಇರುವ ಮಗುವಿಗೆ ಇನ್ನೂ ತಡವಾಗಿ, ಡಾಕ್ಟರ್ ಹೇಳಿದ ಮೇಲೆ. ಅಲ್ಲಿವರೆಗೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮಡಿಕೇರಿ ಚಳಿಗೆ ಮಗುವಿಗೆ ಎಷ್ಟು ಬಟ್ಟೆ ಹಾಕಬೇಕು? ಕೋಣೇಲಿ ಕೆಂಡ ಇಡಬಹುದಾ?

ಈ ಉತ್ತರ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ. ಕೊಡಗಿನ ಹಸುಗೂಸಿಗೆ ಮೊದಲ ಶತ್ರು ಥಂಡಿ ಅಂತ ನಾನು ನಂಬಿದ್ದೇನೆ. ಕಕ್ಕಡ ತಿಂಗಳಲ್ಲಿ, ಅಂದರೆ ಜುಲೈ-ಆಗಸ್ಟ್ ಮಳೆಯಲ್ಲಿ, ವಾರಗಟ್ಟಲೆ ಸೂರ್ಯ ಕಾಣುವುದಿಲ್ಲ. ಗೋಡೆ ಮುಟ್ಟಿದರೆ ಒದ್ದೆ, ಹಾಸಿಗೆ ಮುಟ್ಟಿದರೆ ಒದ್ದೆ. ಅದೇ ತಿಂಗಳಲ್ಲಿ ಹುಟ್ಟುವ ಮಗುವಿನ ಮೈಯಲ್ಲಿ ಕೊಬ್ಬು ಕಡಿಮೆ, ತಲೆ ದೊಡ್ಡದು. ಒಲೆಯಿಂದ ಇಳಿಸಿದ ಸಣ್ಣ ಲೋಟದ ಹಾಗೆ ಬೇಗ ತಣ್ಣಗಾಗುತ್ತದೆ. ತಣ್ಣಗಾದ ಮಗು ಹಾಲು ಎಳೆಯುವುದಿಲ್ಲ. ಹಾಲು ಎಳೆಯದಿದ್ದರೆ ರಕ್ತದಲ್ಲಿ ಸಕ್ಕರೆ ಇಳಿಯುತ್ತದೆ. ಸಕ್ಕರೆ ಇಳಿದರೆ ಮಂಕಾಗುತ್ತದೆ. ಆಗ ಮನೆಯವರು 'ಎಷ್ಟು ಚೆನ್ನಾಗಿ ಮಲಗಿದೆ ಪಾಪ' ಅಂದುಕೊಳ್ಳುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಆಸ್ಪತ್ರೆಯಲ್ಲಿ ಹೀಗೇ ಆಗಿತ್ತು. ರಾತ್ರಿ ಕಿಟಕಿಯ ಒಂದು ಗಾಜು ಒಡೆದಿತ್ತು. ಯಾರೂ ರಟ್ಟು ಕೂಡ ಅಡ್ಡ ಇಟ್ಟಿರಲಿಲ್ಲ. ಬೆಳಿಗ್ಗೆ ಕಿಟಕಿ ಪಕ್ಕದ ಮಂಚದ ಮಗುವಿನ ಕಾಲು ಮುಟ್ಟಿದೆ. ಕಲ್ಲಿನಂತೆ ತಣ್ಣಗಿತ್ತು. ಅಮ್ಮನ ಎದೆಗೆ ಕಟ್ಟಿ, ಹಾಲು ಹಿಂಡಿ ಕುಡಿಸಿ, ಮಧ್ಯಾಹ್ನದ ಹೊತ್ತಿಗೆ ಮಗು ಅತ್ತಿತು. ಅವತ್ತಿನಿಂದ ಯಾವ ವಾರ್ಡಿಗೆ ಹೋದರೂ ನಾನು ಮೊದಲು ನೋಡುವುದು ಕಿಟಕಿಯನ್ನು.

ಬಟ್ಟೆಯ ಲೆಕ್ಕ ಸುಲಭ. ನಿಮಗೆ ಎಷ್ಟು ಬೇಕೋ ಅದಕ್ಕಿಂತ ಒಂದು ಪದರ ಜಾಸ್ತಿ. ತಲೆಗೆ ಕುಲಾವಿ, ಕಾಲಿಗೆ ಸಾಕ್ಸ್. ಕೈಯ ಹಿಂಭಾಗದಿಂದ ಮಗುವಿನ ಹೊಟ್ಟೆ ಮುಟ್ಟಿ, ಆಮೇಲೆ ಪಾದ ಮುಟ್ಟಿ. ಎರಡೂ ಬೆಚ್ಚಗಿದ್ದರೆ ಸರಿ. ಹೊಟ್ಟೆ ಬೆಚ್ಚಗಿದ್ದು ಪಾದ ತಣ್ಣಗಿದ್ದರೆ ಚಳಿ ಹತ್ತಿದೆ, ಎದೆಗೆ ಅಪ್ಪಿಕೊಳ್ಳಿ. ಎರಡೂ ತಣ್ಣಗಿದ್ದರೆ ತಕ್ಷಣ ಸಿಸ್ಟರನ್ನು ಕರೆಯಿರಿ. ಕಂಕುಳಲ್ಲಿ ಥರ್ಮಾಮೀಟರ್ ಇಟ್ಟರೆ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು.

ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೆಂಡ ಖಂಡಿತ ಬೇಡ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಮಲಗಿದವರು ಮಲಗಿದಲ್ಲೇ ಪ್ರಾಣ ಬಿಡಬಹುದು. ಬಿಸಿನೀರಿನ ಬಾಟಲಿಯನ್ನು ಮಗುವಿನ ಪಕ್ಕ ಇಡಬೇಡಿ, ಆ ಚರ್ಮ ಬೇಗ ಸುಡುತ್ತದೆ. ಒಗೆದ ಬಟ್ಟೆ ಪೂರ್ತಿ ಒಣಗಿರಲಿ. ಒಲೆಯ ಮೇಲೆ ಒಣಗಿಸಿ ಹೊಗೆ ಹಿಡಿದ ಬಟ್ಟೆಗಿಂತ ಇಸ್ತ್ರಿ ಹಾಕಿದ್ದು ವಾಸಿ. ತೋಟದ ಕೆಲಸದವರ ಲೈನ್ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಎಲ್ಲಿಂದ ಬರಬೇಕು ಅಂತ ಕೇಳಿದವರಿದ್ದಾರೆ. ನಿಜ. ಅಂಥ ಕಡೆ ಅಮ್ಮನ ಎದೆಯೇ ಹೀಟರ್. ಮಗುವನ್ನು ಬರಿಮೈಯಲ್ಲಿ ಎದೆಗಿಟ್ಟು ಮೇಲೆ ಕಂಬಳಿ ಹೊದ್ದರೆ ಆಯಿತು.

ಹುಟ್ಟಿದ ದಿನವೇ ಅಷ್ಟೊಂದು ಚುಚ್ಚುಮದ್ದು ಬೇಕಾ?

ಬೇಕು. ವಿಟಮಿನ್ ಕೆ ಕೊಡುವುದು ರಕ್ತಸ್ರಾವ ತಡೆಯಲು. ಹೆಪಟೈಟಿಸ್ ಬಿ ಲಸಿಕೆ 24 ಗಂಟೆಯೊಳಗೆ ಬೀಳಬೇಕು. ಬಿಸಿಜಿ ಮತ್ತು ಬಾಯಿಗೆ ಹಾಕುವ ಪೋಲಿಯೋ ಹನಿಯೂ ಆಸ್ಪತ್ರೆ ಬಿಡುವ ಮೊದಲೇ ಆಗಲಿ. ಮಳೆಯಲ್ಲಿ ಮತ್ತೆ ಬರುವುದು ಯಾರಿಗೂ ಸುಲಭ ಅಲ್ಲ. ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಿ. ಮುಂದಿನ ಲಸಿಕೆ ಆರು ವಾರಕ್ಕೆ. ನಿಮ್ಮ ರಕ್ತ ನೆಗೆಟಿವ್ ಗುಂಪಿನದಾಗಿ ಮಗುವಿನದು ಪಾಸಿಟಿವ್ ಆದರೆ ನಿಮಗೆ 72 ಗಂಟೆಯೊಳಗೆ ಆಂಟಿ-ಡಿ ಇಂಜೆಕ್ಷನ್ ಆಗಬೇಕು. ಅದನ್ನು ಕೇಳಿ ಹಾಕಿಸಿಕೊಳ್ಳಿ.

## ವಾರ್ಡಿನ ಎರಡು ಮೂರು ದಿನ

ಹುಟ್ಟಿದಾಗ 3 ಕೆಜಿ, ಈಗ 2 ಕೆಜಿ 800 ಗ್ರಾಂ. ಹಾಲು ಸಾಲ್ತಿಲ್ಲ ಅಲ್ವಾ?

ಮೊದಲ ದಿನಗಳಲ್ಲಿ ಮಗುವಿನ ಮೈಯಲ್ಲಿದ್ದ ಹೆಚ್ಚಿನ ನೀರು ಹೊರಗೆ ಹೋಗುತ್ತದೆ. ನೂರಕ್ಕೆ ಏಳರಷ್ಟು ತೂಕ ಇಳಿಯುವುದು ಸಾಮಾನ್ಯ. ಹತ್ತು ದಾಟಿದರೆ ಡಾಕ್ಟರಿಗೆ ತೋರಿಸಲೇಬೇಕು. ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ವಾಪಸ್ ಬರುತ್ತದೆ.

ಹಾಲು ಸಾಲುತ್ತಿದೆಯಾ ಅನ್ನುವುದನ್ನು ಅಳುವಿನಿಂದ ಅಳೆಯಬೇಡಿ, ಒದ್ದೆ ಬಟ್ಟೆಯಿಂದ ಅಳೆಯಿರಿ. ಮೊದಲ ದಿನ ಒಂದು ಸಲ ಉಚ್ಚೆ, ಎರಡನೇ ದಿನ ಎರಡು ಸಲ, ಹಾಗೇ ಏರುತ್ತಾ ವಾರದ ಹೊತ್ತಿಗೆ ದಿನಕ್ಕೆ ಆರು ಅಥವಾ ಜಾಸ್ತಿ. ಕಪ್ಪು ಅಂಟು ಮಲ ಹೋಗಿ ಹಳದಿ ಮಲ ಬಂದರೆ ಹಾಲು ಹೊಟ್ಟೆಗೆ ಇಳಿದಿದೆ ಎಂದೇ ಅರ್ಥ. ಹುಟ್ಟಿ 24 ಗಂಟೆಯಾದರೂ ಮಲವೇ ಆಗದಿದ್ದರೆ ಸಿಸ್ಟರಿಗೆ ಹೇಳಿ.

ಬಾಣಂತಿಗೆ ನೀರು ಕಡಿಮೆ ಕೊಡಬೇಕು, ಚಳಿಗೆ ಸ್ವಲ್ಪ ಬ್ರಾಂಡಿ ಕೊಟ್ರೆ ಒಳ್ಳೇದು ಅಂತಾರೆ. ಹೌದಾ?

ಎರಡೂ ಸರಿಯಲ್ಲ. ಬಾಯಾರಿಕೆ ಆದಾಗೆಲ್ಲ ಬಿಸಿನೀರು, ಗಂಜಿ, ಸಾರು ಕುಡಿಯಲಿ. ಬ್ರಾಂಡಿ ರಕ್ತಕ್ಕೆ ಸೇರಿ ಅಲ್ಲಿಂದ ಹಾಲಿಗೂ ಬರುತ್ತದೆ. ಮಗು ಮಂಕಾಗುತ್ತದೆ, ಹಾಲು ಇಳಿಯುವುದೂ ಕಡಿಮೆಯಾಗುತ್ತದೆ. ಕರಿಮೆಣಸು, ಬೆಳ್ಳುಳ್ಳಿ, ಶುಂಠಿ ಹಾಕಿದ ಬಾಣಂತಿ ಅಡುಗೆಗೆ ನನ್ನ ತಕರಾರೇನೂ ಇಲ್ಲ. ಮೊಟ್ಟೆ, ಮೀನು, ಕೋಳಿ, ಸೊಪ್ಪು ತಿನ್ನುವ ರೂಢಿ ಇದ್ದರೆ ಅದನ್ನು ನಿಲ್ಲಿಸಬೇಡಿ.

ಮಗುವಿನ ಕಣ್ಣು ಹಳದಿ ಆಗಿದೆ. ಬಿಸಿಲಿಗೆ ಹಿಡಿದ್ರೆ ಸಾಕಲ್ವಾ? ಆದ್ರೆ ಇಲ್ಲಿ ಬಿಸಿಲೇ ಇಲ್ವಲ್ಲ!

ಬಿಸಿಲಿದ್ದರೂ ಅದು ಚಿಕಿತ್ಸೆ ಅಲ್ಲ. ಕಿಟಕಿ ಬಳಿ ಬಟ್ಟೆ ಬಿಚ್ಚಿ ಹಿಡಿದರೆ ಮಗು ತಣ್ಣಗಾಗುವುದೇ ಹೆಚ್ಚು. ಎರಡು ಮೂರನೇ ದಿನ ಮುಖ, ಎದೆ ಸ್ವಲ್ಪ ಹಳದಿಯಾಗಿ ವಾರದಲ್ಲಿ ಇಳಿಯುವ ಕಾಮಾಲೆ ಬಹಳ ಮಕ್ಕಳಿಗೆ ಬರುತ್ತದೆ. ಹೊಟ್ಟೆ ತುಂಬ ಹಾಲು ಕುಡಿಸಿದರೆ ಮಲದ ಜೊತೆ ಹೊರಗೆ ಹೋಗುತ್ತದೆ.

ಗಾಬರಿ ಪಡಬೇಕಾದ ಹಳದಿ ಬೇರೆ. ಹುಟ್ಟಿದ 24 ಗಂಟೆಯೊಳಗೆ ಕಂಡದ್ದು, ಅಂಗೈ ಅಂಗಾಲಿಗೆ ಇಳಿದದ್ದು, ಮಗು ಹಾಲು ಬಿಟ್ಟು ಮಲಗುವಂತೆ ಮಾಡಿದ್ದು, ಎರಡು ವಾರ ದಾಟಿಯೂ ಉಳಿದದ್ದು. ಈ ಹಳದಿ ಬಣ್ಣ ತರುವ ಬಿಲಿರುಬಿನ್ ಎಂಬ ಅಂಶ ರಕ್ತದಲ್ಲಿ ತುಂಬ ಏರಿದರೆ ಮೆದುಳಿಗೆ ಹತ್ತುತ್ತದೆ. ಆಮೇಲೆ ಕಿವಿ ಕೇಳದೆ ಹೋಗಬಹುದು, ಕೈಕಾಲು ಸೆಟೆದುಕೊಳ್ಳಬಹುದು. ಅದನ್ನು ಹಿಂದಕ್ಕೆ ತರಲು ಆಗುವುದಿಲ್ಲ. ಅದಕ್ಕೇ ನೀಲಿ ಲೈಟಿನ ಕೆಳಗೆ ಇಡುತ್ತಾರೆ. ಆ ಬೆಳಕು ಸುಡುವುದಿಲ್ಲ. ಕಣ್ಣಿಗೆ ಪಟ್ಟಿ ಕಟ್ಟುತ್ತಾರೆ, ಎರಡು ಗಂಟೆಗೊಮ್ಮೆ ಹಾಲಿಗೆ ತೆಗೆಯುತ್ತಾರೆ. ಹಳದಿ ಇದೆಯಾ ಅಂತ ನೋಡುವಾಗ ಮಗುವನ್ನು ಹಗಲು ಬೆಳಕಿನಲ್ಲಿ ನೋಡಿ, ಟ್ಯೂಬ್‌ಲೈಟಿನಲ್ಲಿ ಹಳದಿ ಸರಿಯಾಗಿ ಕಾಣುವುದಿಲ್ಲ.

ಇನ್ನೊಂದು ಮಾತು. ಮಳೆನಾಡಿನ ನಮ್ಮ ಮನೆಗಳಲ್ಲಿ ಹಳೆಯ ಮಗುಬಟ್ಟೆ, ಕಂಬಳಿಯನ್ನು ನುಸಿಗುಳಿಗೆ ಹಾಕಿ ಪೆಟ್ಟಿಗೆಯಲ್ಲಿ ಇಟ್ಟಿರುತ್ತೇವೆ. ಅದನ್ನು ತೆಗೆದು ಹಾಗೇ ಮಗುವಿಗೆ ಸುತ್ತಬೇಡಿ. ಜಿ6ಪಿಡಿ ಎಂಬ ಅಂಶ ಹುಟ್ಟಿನಿಂದಲೇ ಕಡಿಮೆ ಇರುವ ಮಕ್ಕಳಲ್ಲಿ ಆ ನ್ಯಾಫ್ತಲೀನ್ ವಾಸನೆಯೇ ರಕ್ತಕಣ ಒಡೆಸಿ ಕಾಮಾಲೆಯನ್ನು ಏರಿಸುತ್ತದೆ. ಮೊದಲೇ ಒಗೆದು, ಗಾಳಿಗೆ ಹಾಕಿ, ವಾಸನೆ ಪೂರ್ತಿ ಹೋದ ಮೇಲೆ ಬಳಸಿ. ಬಾಣಂತಿ ಕೋಣೆಯಲ್ಲಿ ಹೊಸ ಗುಳಿಗೆಯೂ ಬೇಡ.

ಹೆಣ್ಣು ಮಗು, ಕೆಳಗೆ ಒಂದೆರಡು ಹನಿ ರಕ್ತ ಕಂಡಿತು. ಎದೆಯೂ ಊದಿದೆ. ಯಾರಿಗೂ ಹೇಳೋಕೆ ಮುಜುಗರ.

ಅಮ್ಮನ ಹಾರ್ಮೋನು ಮಗುವಿಗೆ ದಾಟಿದ್ದರಿಂದ ಹಾಗಾಗುತ್ತದೆ. ತಾನಾಗಿ ಹೋಗುತ್ತದೆ. ಗಂಡು ಮಗುವಿನ ಎದೆಯೂ ಊದಬಹುದು. ಹಿಂಡಬೇಡಿ, ಹಿಂಡಿದರೆ ಕೀವಾಗುತ್ತದೆ. ಬೆನ್ನ ಕೆಳಗಿನ ನೀಲಿ ಮಚ್ಚೆ, ಮೈಮೇಲಿನ ಸಣ್ಣ ಕೆಂಪು ಗುಳ್ಳೆ ಕೂಡ ಹೆದರುವಂಥದ್ದಲ್ಲ. ಕೀವು ತುಂಬಿದ ಗುಳ್ಳೆ ಮಾತ್ರ ತೋರಿಸಿ.

ಹೊಕ್ಕುಳಕ್ಕೆ ಏನು ಹಚ್ಚಬೇಕು?

ಏನೂ ಇಲ್ಲ. ಅರಿಶಿನ, ಎಣ್ಣೆ, ಬೂದಿ, ಪೌಡರ್ ಯಾವುದೂ ಬೇಡ. ಒಣಗಿರಲಿ, ಲಂಗೋಟಿಯ ಮೇಲೆ ಇರಲಿ. ಒಂದೆರಡು ವಾರದಲ್ಲಿ ಬೀಳುತ್ತದೆ. ಸುತ್ತ ಕೆಂಪಾಗಿ ವಾಸನೆ ಬಂದರೆ ಅವತ್ತೇ ಆಸ್ಪತ್ರೆಗೆ.

ಊರಿಂದ ನೆಂಟರೆಲ್ಲ ಮಗು ನೋಡೋಕೆ ಬರ್ತಿದ್ದಾರೆ. ಬೇಡ ಅನ್ನೋದು ಹೇಗೆ?

ನನ್ನ ಮೇಲೆ ಹಾಕಿ: "ಸಿಸ್ಟರ್ ಬಿಡ್ತಿಲ್ಲ" ಅನ್ನಿ. ಎಷ್ಟೋ ಸೊಸೆಯಂದಿರಿಗೆ ಈ ಮಾತು ಸಹಾಯ ಮಾಡಿದೆ. ನೆಗಡಿ ಇದ್ದವರು ಒಳಗೆ ಬರಬಾರದು. ಮುಟ್ಟುವವರು ಸೋಪು ಹಾಕಿ ಮೊಣಕೈವರೆಗೆ ತೊಳೆಯಬೇಕು, ಉಂಗುರ ಬಳೆ ತೆಗೆದು. ಮುಖಕ್ಕೆ ಮುತ್ತು ಬೇಡ. ಕಣ್ಣಿಗೆ ಕಾಡಿಗೆ ಬೇಡ, ದೃಷ್ಟಿ ಬೊಟ್ಟು ಬೇಕೇ ಬೇಕೆಂದರೆ ಅಂಗಾಲಿಗೆ ಇಡಿ.

ಕೊಡವರ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಗುಂಡು ಹಾರಿಸಿ, ಹರಳು ಗಿಡದ ಕಡ್ಡಿಯ ಪುಟ್ಟ ಬಿಲ್ಲುಬಾಣ ಕೈಗೆ ಮುಟ್ಟಿಸುವ ಪದ್ಧತಿ ಇದೆ. ನೋಡಲು ನನಗೂ ಇಷ್ಟ. ಗುಂಡು ಹಾರುವಾಗ ಮಗು ಇನ್ನೂ ವಾರ್ಡಿನಲ್ಲೇ ಇದ್ದರೆ ಅದರ ಕಿವಿಗೆ ಒಳ್ಳೆಯದು. ನನ್ನನ್ನು ಕೇಳಿದರೆ ಹೆಣ್ಣು ಮಗುವಿಗೂ ಒಂದು ಗುಂಡು ಹಾರಲಿ.

ನಾರ್ಮಲ್ ಡೆಲಿವರಿ ಆಯ್ತು. ಇವತ್ತೇ ಮನೆಗೆ ಹೋಗಬಹುದಾ? ತೋಟದಲ್ಲಿ ಕೆಲಸ ನಿಂತಿದೆ.

48 ಗಂಟೆ ಇರಲೇಬೇಕು. ದೇಶದಲ್ಲಿ 2020ರ ಲೆಕ್ಕದ ಪ್ರಕಾರ ಹುಟ್ಟುವ 1,000 ಮಕ್ಕಳಲ್ಲಿ 20 ಮಕ್ಕಳು 28 ದಿನ ಕಾಣುವುದಿಲ್ಲ. 2030ರೊಳಗೆ ಇದನ್ನು ಒಂದಂಕಿಗೆ ಇಳಿಸುವ ಗುರಿ ಇದೆ. ಹೀಗೆ ತೀರಿಕೊಳ್ಳುವ ಮಕ್ಕಳಲ್ಲಿ ಸುಮಾರು ಮುಕ್ಕಾಲು ಪಾಲು ಮೊದಲ ವಾರದಲ್ಲೇ ಹೋಗುತ್ತವೆ. ತಾಯಿಗೆ ರಕ್ತಸ್ರಾವ ಆಗುವ ಭಯವೂ ಈ ಎರಡು ದಿನದಲ್ಲೇ ಜಾಸ್ತಿ. ಕಾಫಿ ಕೊಯ್ಲಿನ ಸಮಯದಲ್ಲಿ ಒಂದು ದಿನದ ಕೂಲಿ ಹೋದರೆ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಎರಡು ರಾತ್ರಿ ಇರಿ ಅಂತ ಕೈ ಮುಗಿದು ಕೇಳುತ್ತೇನೆ.

ಸರ್ಕಾರಿ ಆಸ್ಪತ್ರೆಯಲ್ಲಿ ಎಷ್ಟು ದುಡ್ಡು ಆಗುತ್ತೆ? ನಾವು ಬೇರೆ ರಾಜ್ಯದವರು, ತಾಯಿ ಕಾರ್ಡೂ ಇಲ್ಲ.

ಏನೂ ಕೊಡಬೇಕಿಲ್ಲ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮ ಇದೆ. ಹೆರಿಗೆ, ಸಿಸೇರಿಯನ್, ಔಷಧಿ, ರಕ್ತ, ಪರೀಕ್ಷೆ, ಊಟ, ಬರುವ ಹೋಗುವ ಗಾಡಿ ಎಲ್ಲ ಉಚಿತ. ಕಾಯಿಲೆ ಬಿದ್ದ ಮಗುವಿಗೆ 1 ವರ್ಷದವರೆಗೆ ಚಿಕಿತ್ಸೆ ಉಚಿತ. ಬರಲು 108, ವಾಪಸ್ ಮನೆಗೆ ಬಿಡಲು ನಗು-ಮಗು ಗಾಡಿ. ಯಾವ ರಾಜ್ಯದವರಾದರೂ, ಕಾರ್ಡ್ ಇಲ್ಲದಿದ್ದರೂ ಹೆರಿಗೆ ನಿಲ್ಲಿಸುವಂತಿಲ್ಲ. ಕಾರ್ಡನ್ನು ಅಲ್ಲಿಯೇ ಮಾಡಿಸಿಕೊಳ್ಳಬಹುದು. ಮಗು ಹುಟ್ಟಿದ ಖುಷಿಗೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಮೇಲಿನವರಿಗೆ ಹೇಳಿ. ಜನನ ನೋಂದಣಿ 21 ದಿನದೊಳಗೆ ಉಚಿತ. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಶಾಲೆಗೆ ಸೇರಲೂ ಅದೇ ದಾಖಲೆ, ಹಾಗಾಗಿ ಹೆಸರು, ಇನಿಷಿಯಲ್ ಸರಿಯಾಗಿ ಬರೆಸಿ.

## ಮಗು 'ಒಳಗೆ' ಇದ್ದಾಗ

ಮಗುವನ್ನು ಒಳಗೆ ಇಟ್ಟಿದ್ದಾರೆ. ನಮ್ಮನ್ನು ಬಿಡ್ತಾರಾ?

ಎಸ್‌ಎನ್‌ಸಿಯು ಅಂದರೆ ಕಾಯಿಲೆಯ ಹಸುಗೂಸುಗಳ ವಿಶೇಷ ಘಟಕ. ಇದು ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿರುತ್ತದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಈಗ ಅಲ್ಲಿನ ವೈದ್ಯಕೀಯ ಕಾಲೇಜಿನ ಜೊತೆ ಸೇರಿದೆ. ತಾಲ್ಲೂಕು ಮಟ್ಟದಲ್ಲಿ ಮಗುವನ್ನು ಒಂದು ಸ್ಥಿತಿಗೆ ತಂದು ಮುಂದೆ ಕಳಿಸುವ ಸಣ್ಣ ಘಟಕ ಇರುತ್ತದೆ. ಹೆರಿಗೆ ಆಗುವ ಪ್ರತಿ ಕೋಣೆಯಲ್ಲೂ ವಾರ್ಮರ್ ಇರುವ ಮೂಲೆ ಇರುತ್ತದೆ.

ಮನೆಯವರು ಕೈ ತೊಳೆದು, ಗೌನ್ ಹಾಕಿ, ಒಳಗೆ ಹೋಗಿ ಮಗುವಿನ ಆರೈಕೆಯಲ್ಲಿ ಸೇರಬೇಕು ಅನ್ನುವುದೇ ಸರ್ಕಾರದ ಈಗಿನ ನಿಯಮ. ಗಾಜಿನ ಹೊರಗೆ ನಿಂತು ಅಳುವ ಕಾಲ ಹೋಗಿದೆ. ಬಿಡದಿದ್ದರೆ ಯಾವ ಹೊತ್ತಿಗೆ ಬರಬೇಕೆಂದು ಸಮಾಧಾನದಿಂದ ಕೇಳಿ, ಮತ್ತೆ ಮತ್ತೆ ಕೇಳಿ. ಮಗು ಒಳಗಿದ್ದಾಗ ಅಮ್ಮ ಮಾಡಬೇಕಾದ ದೊಡ್ಡ ಕೆಲಸ ಹಾಲು ಹಿಂಡುವುದು. ಎರಡು ಮೂರು ಗಂಟೆಗೊಮ್ಮೆ, ರಾತ್ರಿಯೂ, ತೊಳೆದ ಕೈಯಲ್ಲಿ, ಕುದಿಸಿದ ಸ್ಟೀಲ್ ಲೋಟಕ್ಕೆ.

ಮಗು ನೀರು ಕುಡಿದಿದೆ ಅಂದರು. ಹೆರಿಗೆ ಸಮಯದಲ್ಲಿ ನಾನು ನೀರು ಕುಡಿದದ್ದಕ್ಕಾ?

ಅಲ್ಲ ಅಕ್ಕಾ, ನಿಮ್ಮದೇನೂ ತಪ್ಪಿಲ್ಲ. ಮಗು ಒಳಗೇ ಮಲ ಮಾಡಿ, ಆ ಹಸಿರು ನೀರು ಶ್ವಾಸಕೋಶಕ್ಕೆ ಹೋಗಿದೆ ಅಂತ ಅರ್ಥ. ದಿನ ತುಂಬಿ ದಾಟಿದಾಗ, ಒಳಗೆ ಆಮ್ಲಜನಕ ಕಡಿಮೆಯಾದಾಗ ಹೀಗಾಗುತ್ತದೆ. ಕೆಲವು ಮಕ್ಕಳಿಗೆ ಆಮ್ಲಜನಕ ಸಾಕು, ಕೆಲವಕ್ಕೆ ಉಸಿರಾಟದ ಯಂತ್ರ ಬೇಕು. ಮನೆಯಲ್ಲೇ ನೀರು ಒಡೆದು ಹಸಿರು ಬಣ್ಣ ಕಂಡರೆ ನೋವಿಗೆ ಕಾಯದೆ ಹೊರಡಿ.

1 ಕೆಜಿ 600 ಗ್ರಾಂ ಮಗು. ಗಾಜಿನ ಪೆಟ್ಟಿಗೆಯಲ್ಲಿ ಇಡೋ ಬದಲು ನನ್ನ ಎದೆಗೆ ಯಾಕೆ ಕಟ್ಟಿದ್ದಾರೆ? ದುಡ್ಡಿಲ್ಲ ಅಂತಾನಾ?

ಈ ಪ್ರಶ್ನೆಯನ್ನು ಒಬ್ಬ ತಾಯಿ ಕಣ್ಣಲ್ಲಿ ನೀರಿಟ್ಟುಕೊಂಡು ಕೇಳಿದ್ದಳು. ಹಾಗಲ್ಲ, ಇದು ಬಡವರ ಚಿಕಿತ್ಸೆ ಅಲ್ಲ. ಇದರ ಹೆಸರು ಕಾಂಗರೂ ತಾಯಿ ಆರೈಕೆ. 1970ರ ದಶಕದ ಕೊನೆಗೆ ಕೊಲಂಬಿಯಾದ ಬೊಗೋಟಾದಲ್ಲಿ ಪೆಟ್ಟಿಗೆಗಳು ಸಾಲದೆ ಶುರುವಾಯಿತು, ನಿಜ. ಈಗ ಶ್ರೀಮಂತ ದೇಶಗಳೂ ಮಾಡುತ್ತವೆ. 2021ರಲ್ಲಿ ಬಂದ ಒಂದು ದೊಡ್ಡ ಅಧ್ಯಯನದಲ್ಲಿ, ಸ್ಥಿತಿ ಸುಧಾರಿಸುವವರೆಗೆ ಕಾಯದೆ ಹುಟ್ಟಿದ ಕೂಡಲೇ ಎದೆಗೆ ಹಾಕಿದ ಮಕ್ಕಳಲ್ಲಿ ಸಾವು ಕಾಲು ಭಾಗದಷ್ಟು ಕಡಿಮೆಯಾಯಿತು. ಆಮೇಲೆ ವಿಶ್ವ ಆರೋಗ್ಯ ಸಂಸ್ಥೆ ಎರಡೂವರೆ ಕೆಜಿಗಿಂತ ಕಡಿಮೆ ಇರುವ ಅಥವಾ ದಿನ ತುಂಬದ ಮಕ್ಕಳಿಗೆಲ್ಲ ದಿನಕ್ಕೆ 8ರಿಂದ 24 ಗಂಟೆ ಇದನ್ನು ಮಾಡಿ ಎಂದಿತು.

ಮಗುವಿಗೆ ಕುಲಾವಿ, ಸಾಕ್ಸ್, ಲಂಗೋಟಿ ಮಾತ್ರ. ಎದೆಯ ನಡುವೆ ನೆಟ್ಟಗೆ, ಕಪ್ಪೆಯ ಹಾಗೆ ಕಾಲು ಮಡಚಿ, ತಲೆ ಒಂದು ಪಕ್ಕಕ್ಕೆ. ಮೇಲೆ ಬಟ್ಟೆ ಸುತ್ತಿ, ರವಿಕೆ ಅಥವಾ ಶಾಲು. ಮೂಗು ಬಾಯಿ ಯಾವಾಗಲೂ ಕಾಣುತ್ತಿರಬೇಕು. ಒಂದು ಸಲ ಕಟ್ಟಿದರೆ ಕಡಿಮೆಯೆಂದರೆ ಒಂದು ಗಂಟೆ. ನಿಮ್ಮ ಎದೆ ಬಡಿತ ಕೇಳಿ ಮಗು ಉಸಿರಾಡಲು ಮರೆಯುವುದು ಕಡಿಮೆಯಾಗುತ್ತದೆ, ಹಾಲೂ ಚೆನ್ನಾಗಿ ಇಳಿಯುತ್ತದೆ. ಕರೆಂಟ್ ಹೋದರೂ ಈ ಹೀಟರ್ ಆರುವುದಿಲ್ಲ. ಮಳೆಗಾಲದಲ್ಲಿ ನಮಗೆ ಇದಕ್ಕಿಂತ ಇನ್ನೇನು ಬೇಕು?

ನೀವು ಊಟಕ್ಕೆ, ಸ್ನಾನಕ್ಕೆ ಹೋದಾಗ ಅಪ್ಪ ಕಟ್ಟಿಕೊಳ್ಳಲಿ, ಅಜ್ಜಿ ಕಟ್ಟಿಕೊಳ್ಳಲಿ. ಮೀಸೆ ತಿರುವುವ ಗಟ್ಟಿ ಆಳುಗಳು ಮಗುವನ್ನು ಎದೆಗೆ ಹಾಕಿದ ಕೂಡಲೇ ಅಲುಗಾಡದೆ ಕೂರುವುದನ್ನು ನೋಡಿದ್ದೇನೆ.

ಮೈಸೂರಿಗೆ ಕರ್ಕೊಂಡು ಹೋಗಿ ಅಂದರು. ದಾರಿಯಲ್ಲಿ ಏನಾದ್ರೂ ಆದ್ರೆ?

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಆ ಕಡೆ ಸರ್ಕಾರಿ ಚೆಲುವಾಂಬ ಆಸ್ಪತ್ರೆ ಇದೆ. ಸಂಪಾಜೆ ಘಾಟಿ ಇಳಿದರೆ ಮಂಗಳೂರಿನಲ್ಲಿ ಲೇಡಿಗೋಷನ್. ದಾರಿ ಉದ್ದ, ತಿರುವು ಜಾಸ್ತಿ. ದಾರಿಯಲ್ಲಿ ಮಗುವನ್ನು ಬಲಿ ತೆಗೆದುಕೊಳ್ಳುವುದು ಬಹಳ ಸಲ ಮೂಲ ಕಾಯಿಲೆಯಲ್ಲ. ಚಳಿ, ಸಕ್ಕರೆ ಇಳಿಯುವುದು, ಉಸಿರಾಟದ ತೊಂದರೆ, ಈ ಮೂರು.

ಹೊರಡುವ ಮುಂಚೆ ಕೇಳಬೇಕಾದದ್ದು ಇಷ್ಟು. ಮಗುವಿನ ಮೈ ಬೆಚ್ಚಗಿದೆಯಾ? ಸಕ್ಕರೆ ನೋಡಿದ್ದೀರಾ? ಆ ಆಸ್ಪತ್ರೆಗೆ ಫೋನ್ ಮಾಡಿ ಬೆಡ್ ಇದೆ ಅಂತ ಖಚಿತ ಮಾಡಿದ್ದೀರಾ? ಗಾಡಿಯಲ್ಲಿ ಆಮ್ಲಜನಕ ಇದೆಯಾ, ಜೊತೆಗೆ ಸಿಬ್ಬಂದಿ ಬರುತ್ತಾರಾ? ಚೀಟಿಯಲ್ಲಿ ಕೊಟ್ಟ ಔಷಧಿ, ಹೊತ್ತು ಬರೆದಿದ್ದಾರಾ? ಡಾಕ್ಟರ್ ಒಪ್ಪಿದರೆ ದಾರಿಯುದ್ದಕ್ಕೂ ಮಗು ಯಾರದಾದರೂ ಎದೆಗೆ ಕಟ್ಟಿರಲಿ. ಆಗುವುದಾದರೆ ತಾಯಿಯೂ ಜೊತೆಗೇ ಹೋಗಲಿ. ಕಾರಿನ ಕಿಟಕಿ ಮುಚ್ಚಿ. ಕುಶಾಲನಗರದಲ್ಲಿ ಕಾಫಿಗೆ ಅಂತ ನಿಲ್ಲಿಸಬೇಡಿ.

ಎಂಟು ತಿಂಗಳಿಗೇ ನೋವು ಬಂದ್ರೆ ಏನು ಮಾಡಬೇಕು? ನಾವು ಭಾಗಮಂಡಲದ ಕಡೆಯವರು, ಮಳೆಗಾಲದಲ್ಲಿ ದಾರಿನೇ ಇರಲ್ಲ.

ಹುಟ್ಟಿದ ಮೇಲೆ ಸಾಗಿಸುವುದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ಸಾಗಿಸುವುದು ಲೇಸು. ಅಮ್ಮನ ಹೊಟ್ಟೆಗಿಂತ ಒಳ್ಳೆಯ ಆಂಬುಲೆನ್ಸ್ ಇಲ್ಲ. 24ರಿಂದ 34 ವಾರದೊಳಗೆ ನೋವು ಬಂದರೆ ತಾಯಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುತ್ತಾರೆ. 12 ಗಂಟೆಗೊಂದರಂತೆ ನಾಲ್ಕು. ಮಗುವಿನ ಶ್ವಾಸಕೋಶ ಗಟ್ಟಿಯಾಗಲು ಅದು ಸಹಾಯ ಮಾಡುತ್ತದೆ. ಮೊದಲನೆಯದನ್ನು ಹತ್ತಿರದ ಆಸ್ಪತ್ರೆಯಲ್ಲೇ ಹಾಕಿಸಿಕೊಂಡು ಮುಂದೆ ಹೋಗಿ.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದು ದಾರಿಗಳೇ ಇಲ್ಲದಾದದ್ದನ್ನು ನಾವ್ಯಾರೂ ಮರೆತಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ನಡುವೆ ದಿನ ತುಂಬುವವರು ಎರಡು ವಾರ ಮುಂಚೆಯೇ ಪೇಟೆಯ ನೆಂಟರ ಮನೆಗೆ ಬಂದಿರಿ. ಕಾವೇರಿ ಉಕ್ಕಿದರೆ ಬೇರೆ ಯಾವ ದಾರಿ, ಆನೆ ಓಡಾಡುವ ರಸ್ತೆಯಾದರೆ ರಾತ್ರಿ ಯಾರ ಜೀಪು, ಇದೆಲ್ಲ ಏಳನೇ ತಿಂಗಳಲ್ಲೇ ಮಾತಾಡಿ ಇಟ್ಟುಕೊಳ್ಳಿ. ನಿಮ್ಮ ಆಶಾ ಕಾರ್ಯಕರ್ತೆಗೂ ಹೇಳಿ.

ದಿನ ತುಂಬದ ಮಗುವಿಗೆ ಕಣ್ಣಿನ ಪರೀಕ್ಷೆ ಮಾಡಿಸಿ ಅಂದರು. ಕಣ್ಣು ಚೆನ್ನಾಗಿಯೇ ಬಿಡ್ತಿದೆಯಲ್ಲ?

ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ. 34 ವಾರಕ್ಕಿಂತ ಮುಂಚೆ ಹುಟ್ಟಿದ ಅಥವಾ 2 ಕೆಜಿಗಿಂತ ಕಡಿಮೆ ಇದ್ದ ಮಕ್ಕಳ ಕಣ್ಣಿನ ಹಿಂಪರದೆಯಲ್ಲಿ ರಕ್ತನಾಳ ತಪ್ಪು ತಪ್ಪಾಗಿ ಬೆಳೆಯಬಹುದು. ಹುಟ್ಟಿದ 30 ದಿನದೊಳಗೆ ನೋಡಬೇಕು, ತೀರಾ ಸಣ್ಣ ಮಗುವಾದರೆ ಇನ್ನೂ ಮುಂಚೆ. ಹೊತ್ತಿಗೆ ಸರಿಯಾಗಿ ಲೇಸರ್ ಮಾಡಿದರೆ ದೃಷ್ಟಿ ಉಳಿಯುತ್ತದೆ. ತಡವಾದರೆ ಕುರುಡು. ಈ ಒಂದು ದಿನಾಂಕ ತಪ್ಪಿಸಲೇಬೇಡಿ.

ಕಿವಿಯನ್ನು ಒಂದು ತಿಂಗಳೊಳಗೆ ಪರೀಕ್ಷೆ ಮಾಡಿಸಿ. ಅನುಮಾನ ಬಂದರೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ನಮಗೆ ಹತ್ತಿರವೇ ಇದೆ.

ನಮ್ಮ ಹಾಡಿಯಲ್ಲಿ ಸಿಕಲ್ ಸೆಲ್ ಪರೀಕ್ಷೆ ಮಾಡಿದ್ರು. ನನಗೆ ಇದೆ ಅಂದ್ರು. ಮಗುವಿಗೂ ಬರುತ್ತಾ?

ಸಿಕಲ್ ಸೆಲ್ ಅಂದರೆ ಹೆತ್ತವರಿಂದ ಮಕ್ಕಳಿಗೆ ಬರುವ ರಕ್ತದ ಕಾಯಿಲೆ. ಕಾಯಿಲೆ ಇಲ್ಲದೆ ಅದನ್ನು ಮಕ್ಕಳಿಗೆ ದಾಟಿಸಬಲ್ಲವರು ವಾಹಕರು. ನಿಮಗೆ ಮಾತ್ರ ವಾಹಕ ಗುಣ ಇದ್ದು ಗಂಡನಿಗೆ ಇಲ್ಲದಿದ್ದರೆ ಮಗುವಿಗೆ ಕಾಯಿಲೆ ಬರುವುದಿಲ್ಲ, ವಾಹಕ ಆಗಬಹುದು ಅಷ್ಟೇ. ಇಬ್ಬರಿಗೂ ಇದ್ದರೆ ಪ್ರತಿ ಹೆರಿಗೆಯಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು ಪಾಲು. ಹಾಗಾಗಿ ಗಂಡನೂ ಪರೀಕ್ಷೆ ಮಾಡಿಸಬೇಕು. ಹುಟ್ಟಿದಾಗ ಮಗು ಚೆನ್ನಾಗಿಯೇ ಕಾಣುತ್ತದೆ, ತೊಂದರೆ ಶುರುವಾಗುವುದು ಐದಾರು ತಿಂಗಳ ಮೇಲೆ. ಅದಕ್ಕೇ ವಾರ್ಡಿನಲ್ಲೇ ಹೇಳಿ ಬರೆಸಿಡಿ. ಜೇನುಕುರುಬ, ಯರವ ಸಮುದಾಯದ ಹಾಡಿಗಳಲ್ಲಿ ಇದು ಕಂಡುಬರುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಸಿಕಲ್ ಸೆಲ್ ಅಭಿಯಾನದಲ್ಲಿ ಪರೀಕ್ಷೆ ಉಚಿತ. ಇದು ಶಾಪವೂ ಅಲ್ಲ, ಯಾರ ಪಾಪವೂ ಅಲ್ಲ.

## ಮನೆಗೆ ಹೋದ ಮೇಲೆ

ಯಾವಾಗ ಕಾಯಬಹುದು, ಯಾವಾಗ ಓಡಿ ಬರಬೇಕು?

ಕಾಯಬಾರದ್ದು ಇವು. ಚೆನ್ನಾಗಿ ಹಾಲು ಕುಡಿಯುತ್ತಿದ್ದ ಮಗು ಬಿಟ್ಟುಬಿಟ್ಟಿದೆ. ಒಂದು ನಿಮಿಷಕ್ಕೆ 60 ಅಥವಾ ಹೆಚ್ಚು ಉಸಿರು, ಪಕ್ಕೆ ಒಳಗೆ ಸೆಳೆಯುತ್ತಿದೆ. ಮೈ ಸುಡುತ್ತಿದೆ ಅಥವಾ ಎಷ್ಟು ಹೊದಿಸಿದರೂ ತಣ್ಣಗಿದೆ. ಫಿಟ್ಸ್ ಬಂದಿದೆ. ಮುಟ್ಟಿ ಎಬ್ಬಿಸಿದರೆ ಮಾತ್ರ ಅಲುಗುತ್ತದೆ. ಅಂಗಾಲು ಹಳದಿ. ತುಟಿ ನೀಲಿ. ಹಸಿರು ವಾಂತಿ. ಇದರಲ್ಲಿ ಒಂದು ಕಂಡರೂ 108ಕ್ಕೆ ಫೋನ್ ಮಾಡಿ, ರಾತ್ರಿ ಎರಡು ಗಂಟೆಯಾದರೂ ಸರಿ. ಹಸುಗೂಸಿಗೆ ಸೋಂಕು ಹತ್ತಿದರೆ ಜ್ವರ ಬರಲೇಬೇಕು ಅಂತಿಲ್ಲ. ಬಹಳ ಸಲ ಸುಮ್ನೆ ಮಂಕಾಗುತ್ತದೆ, ಅಷ್ಟೇ. 'ಯಾಕೋ ಮಗು ಇವತ್ತು ಸರಿ ಇಲ್ಲ' ಅಂತ ಅಮ್ಮನಿಗೆ ಅನಿಸಿದರೆ ಅದೂ ಒಂದು ಲಕ್ಷಣವೇ. ನಾನು ಯಾವತ್ತೂ ಆ ಮಾತನ್ನು ತಳ್ಳಿಹಾಕಿಲ್ಲ.

ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಬರಬೇಕು. ಬಂದಾಗ ತೂಕ, ಜ್ವರ ನೋಡಿಸಿ. ತವರಿಗೆ ಹೋಗುವುದಾದರೆ ಅಲ್ಲಿನ ಆಶಾಗೆ ಮೊದಲೇ ತಿಳಿಸಿ. ಬಾಣಂತಿಯರು ಲೆಕ್ಕದಿಂದ ತಪ್ಪಿಹೋಗುವುದು ಇಲ್ಲಿಯೇ.

ನಮ್ಮ ಮಗು ಉಳೀಲಿಲ್ಲ ಸಿಸ್ಟರ್. ನಾನು ಏನು ತಪ್ಪು ಮಾಡಿದೆ?

ಇದಕ್ಕೆ ಉತ್ತರಿಸುವಾಗ ನನ್ನ ದನಿ ಯಾವತ್ತೂ ಗಟ್ಟಿಯಾಗಿರುವುದಿಲ್ಲ. ನೀವು ತೋಟದಲ್ಲಿ ಕೆಲಸ ಮಾಡಿದ್ದಕ್ಕೆ, ಗ್ರಹಣ ನೋಡಿದ್ದಕ್ಕೆ, ಪಪ್ಪಾಯಿ ತಿಂದದ್ದಕ್ಕೆ ಹೀಗಾಯಿತು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರು ಸಿಗದಿರುವುದು, ಸೋಂಕು. ಹೆಚ್ಚಿನ ಮಕ್ಕಳು ಹೋಗುವುದು ಈ ಮೂರರಿಂದ. ಮಗುವನ್ನು ಒಮ್ಮೆ ಎತ್ತಿಕೊಳ್ಳಬೇಕು ಅನಿಸಿದರೆ ಕೇಳಿ, ಕೊಡುತ್ತಾರೆ. 'ತಾಯಿಗೆ ತೋರಿಸಬೇಡಿ' ಅನ್ನುವ ದೊಡ್ಡವರ ಮಾತಿಗಿಂತ ನಿಮ್ಮ ಮನಸ್ಸೇ ಇಲ್ಲಿ ಮುಖ್ಯ.

ಎರಡು ಮೂರು ದಿನಕ್ಕೆ ಎದೆಯಲ್ಲಿ ಹಾಲು ಕಟ್ಟುತ್ತದೆ, ತುಂಬ ನೋಯುತ್ತದೆ. ಯಾರೂ ಇದನ್ನು ಮುಂಚೆ ಹೇಳಿರುವುದಿಲ್ಲ. ತಣ್ಣೀರಿನ ಬಟ್ಟೆ ಇಡಿ, ಬಿಗಿ ಕಡಿಮೆಯಾಗುವಷ್ಟು ಮಾತ್ರ ಹಿಂಡಿ. ಕೆಂಪಾಗಿ ಜ್ವರ ಬಂದರೆ ತೋರಿಸಿ. ಮಗುವಿನ ಜನನ, ಮರಣ ಎರಡನ್ನೂ ನೋಂದಾಯಿಸಿ. ಸಾವಿನ ಕಾರಣ ಏನೆಂದು ಡಾಕ್ಟರ್ ಹತ್ತಿರ ಕೇಳಿ, ಚೀಟಿಯಲ್ಲಿ ಬರೆಸಿಕೊಂಡು ತಾಯಿ ಕಾರ್ಡಿನ ಜೊತೆ ಇಟ್ಟುಕೊಳ್ಳಿ. ಮುಂದಿನ ಸಲ ಗರ್ಭಿಣಿಯಾದಾಗ ಮೊದಲ ಭೇಟಿಯಲ್ಲೇ ಆ ಚೀಟಿಯನ್ನು ಡಾಕ್ಟರ್ ಮುಂದೆ ಇಡಿ.